ವಿಮಾನದ ಸದ್ದಿಗೆ ಕಾನೂನು ಬೇಕು, ಅದೂ ರನ್‌ವೇ ಬರುವ ಮೊದಲೇ

ಸಂಪಾದಕರಿಗೆ ನಮಸ್ಕಾರ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಕನಕಪುರ ರಸ್ತೆಗೆ ಬರುತ್ತದೋ, ನೆಲಮಂಗಲ–ಕುಣಿಗಲ್ ಕಡೆಗೆ ಹೋಗುತ್ತದೋ ಎಂಬ ಚರ್ಚೆ ಪೇಪರಿನಲ್ಲೂ ನಡೆದಿದೆ, ಟೀ ಅಂಗಡಿಯಲ್ಲೂ ನಡೆದಿದೆ. ಎಷ್ಟು ಎಕರೆ ಹೋಗುತ್ತೆ, ಪರಿಹಾರ ಎಷ್ಟು, ಮೆಟ್ರೊ ಬರುತ್ತಾ, ಯಾರ ಜಮೀನಿಗೆ ಚಿನ್ನದ ಬೆಲೆ ಬರುತ್ತೆ, ಎಲ್ಲ ಮಾತಾಡುತ್ತಾರೆ. ಸದ್ದಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುತ್ತಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಯಿತು ಅನಿಸಿದರೆ ಕತ್ತರಿ ಹಾಕಿ, ಆದರೆ ಕಾನೂನಿನ ಭಾಗ ಉಳಿಸಿಕೊಡಿ.

ನಾನು ಹೇಳಬೇಕಾಗಿರುವುದು ಇಷ್ಟೇ. ವಿಮಾನದ ಸದ್ದಿಗೆ ಕಾನೂನು ಮಾಡುವುದಾದರೆ ರನ್‌ವೇ ಹಾಕುವ ಮೊದಲು, ಸುತ್ತಲಿನ ಹೊಲ ಸೈಟಾಗುವ ಮೊದಲು ಮಾಡಬೇಕು. ಜನ ಬಂದು ಮನೆ ಕಟ್ಟಿಕೊಂಡ ಮೇಲೆ ಉಳಿಯುವುದು ಬರೀ ಪರಿಹಾರದ ಲೆಕ್ಕ. ಇದಕ್ಕೆ ದೆಹಲಿಯ ಕಡೆ ನೋಡುತ್ತಾ ಕೂರಬೇಕಾಗಿಯೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಕೆಲಸ ವಿಧಾನಸೌಧದಲ್ಲೇ ಆಗುತ್ತದೆ.

ನಾನಿರುವುದು ದೇವನಹಳ್ಳಿ ನಿಲ್ದಾಣಕ್ಕೆ ವಿಮಾನಗಳು ಇಳಿಯುವ ದಾರಿಯ ಕೆಳಗಿನ ಒಂದು ಹಳ್ಳಿಯಲ್ಲಿ. ಫೋನಿನಲ್ಲಿ ಮಾತಾಡುತ್ತಾ ‘ಒಂದ್ನಿಮಿಷ ತಡಿ, ಪ್ಲೇನ್ ಹೋಗ್ಲಿ’ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ. 2008ರ ಮೇ ತಿಂಗಳಲ್ಲಿ ನಿಲ್ದಾಣ ಶುರುವಾದಾಗ ಇದ್ದದ್ದು ಒಂದೇ ರನ್‌ವೇ. 2019ರ ಡಿಸೆಂಬರ್‌ನಲ್ಲಿ ಎರಡನೆಯದು ಬಂತು. ಈಗ ವರ್ಷಕ್ಕೆ ನಾಲ್ಕು ಕೋಟಿಗೂ ಹೆಚ್ಚು ಜನ ಇಲ್ಲಿಂದ ಓಡಾಡುತ್ತಾರೆ, ದಿನಕ್ಕೆ ಏಳುನೂರಕ್ಕೂ ಹೆಚ್ಚು ಸಲ ವಿಮಾನ ಏರುತ್ತದೆ ಇಲ್ಲವೇ ಇಳಿಯುತ್ತದೆ. ನಿಲ್ದಾಣ ಬೇಡ ಅನ್ನುವವನಲ್ಲ ನಾನು. ನಮ್ಮ ಊರಿನ ಎಷ್ಟೋ ಹುಡುಗರು ಅಲ್ಲೇ ಕೆಲಸ ಮಾಡುತ್ತಾರೆ, ಇಲ್ಲಿಯ ಹೂವು, ತರಕಾರಿ ರಾತ್ರೋರಾತ್ರಿ ಹೊರದೇಶಕ್ಕೆ ಹೋಗುತ್ತದೆ. ಅದೆಲ್ಲ ಬೇಕು. ಹಾಗಂತ ನಿದ್ದೆ ಬೇಡವಾ?

ಈಗಿರುವ ಕಾನೂನು ನೋಡಿ. ಶಬ್ದ ಮಾಲಿನ್ಯದ ನಿಯಮಗಳು ಬಂದದ್ದು 2000ರಲ್ಲಿ. ಜನ ವಾಸಿಸುವ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು ಎಂದು ಅದರಲ್ಲಿದೆ. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರು. ಗಣೇಶನ ಹಬ್ಬದ ಆರ್ಕೆಸ್ಟ್ರಾ ಹತ್ತು ಗಂಟೆಗೆ ನಿಲ್ಲಿಸಲು ಪೊಲೀಸರು ಬರುವುದು ಇದೇ ನಿಯಮ ಹಿಡಿದುಕೊಂಡು. 2005ರಲ್ಲಿ ಸುಪ್ರೀಂ ಕೋರ್ಟು ಕೂಡ ಸದ್ದಿಲ್ಲದೆ ನೆಮ್ಮದಿಯಾಗಿ ಬದುಕುವುದು ಸಂವಿಧಾನದ 21ನೇ ವಿಧಿಯಲ್ಲಿರುವ ಹಕ್ಕಿನ ಭಾಗ ಎಂದು ಹೇಳಿತು. ಸರಿ. ಆಮೇಲೆ 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ವಿಮಾನ ನಿಲ್ದಾಣಗಳಿಗೇ ಬೇರೆ ಮಿತಿ ತಂದಿತು. ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚು ವಿಮಾನ ಓಡಾಡುವ ನಿಲ್ದಾಣದ ಸುತ್ತಲಿನ ವಲಯದಲ್ಲಿ ಹಗಲು 70, ರಾತ್ರಿ 65. ಸಣ್ಣ ನಿಲ್ದಾಣಗಳಿಗೆ 65 ಮತ್ತು 60.

45 ಎಲ್ಲಿ, 65 ಎಲ್ಲಿ? ಬರೀ ಇಪ್ಪತ್ತು ತಾನೆ ಅನಿಸಬಹುದು. ಡೆಸಿಬೆಲ್ ಲೆಕ್ಕ ಹಾಗಲ್ಲ. ಹತ್ತು ಜಾಸ್ತಿ ಆದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಜಾಸ್ತಿ ಆದರೆ ನೂರು ಪಟ್ಟು. ಕಿವಿಗೆ ಸುಮಾರು ನಾಲ್ಕು ಪಟ್ಟು ಜೋರಾಗಿ ಕೇಳುತ್ತದೆ. ಪಕ್ಕದ ತಾಲ್ಲೂಕಿನವನಿಗೆ ರಾತ್ರಿ ಇಷ್ಟು ಸದ್ದು ಸಾಕು ಎನ್ನುವ ಸರ್ಕಾರ, ನಿಲ್ದಾಣದ ಪಕ್ಕದವನಿಗೆ ಅದರ ನೂರು ಪಟ್ಟು ಆದರೂ ಪರವಾಗಿಲ್ಲ ಅನ್ನುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ವಿಮಾನದ ಸದ್ದು ರಾತ್ರಿ 40 ದಾಟಬಾರದು ಎಂದಿದೆ. ಅವರು ಕೇಳಿದ್ದು ತುಂಬಾ ಕಟ್ಟುನಿಟ್ಟು, ಒಪ್ಪುತ್ತೇನೆ, ಅಲ್ಲೂ ಎಲ್ಲ ಕಡೆ ಪಾಲನೆ ಆಗುವಂಥದ್ದಲ್ಲ. ಆದರೂ 65ಕ್ಕೂ 40ಕ್ಕೂ ನಡುವೆ ಎಲ್ಲಾದರೂ ಒಂದು ಕಡೆ ನಿಲ್ಲಬಹುದಿತ್ತು.

ಇನ್ನೊಂದು ತಮಾಷೆ ಇದೆ ಇದರಲ್ಲಿ. ಈ 65 ಎನ್ನುವುದು ಸರಾಸರಿ. ರಾತ್ರಿಯ ಎಂಟು ಗಂಟೆಯ ಸದ್ದನ್ನೆಲ್ಲ ಸೇರಿಸಿ ಹರಡಿದ ಲೆಕ್ಕ. ನಾನೇ ಕೂತು ಗುಣಿಸಿ ಭಾಗಿಸಿ ನೋಡಿದೆ, ಬೇಕಿದ್ದರೆ ಯಾವುದಾದರೂ ಫಿಸಿಕ್ಸ್ ಮೇಷ್ಟ್ರ ಹತ್ತಿರ ಪರೀಕ್ಷೆ ಮಾಡಿಸಿ. ಒಂದು ವಿಮಾನ ಮನೆ ಮೇಲೆ ಅರ್ಧ ನಿಮಿಷ 80 ಡೆಸಿಬೆಲ್ ಸದ್ದು ಮಾಡಿ ಹೋಗುತ್ತದೆ ಅಂದುಕೊಳ್ಳಿ. ಅಂಥ ಮೂವತ್ತು ವಿಮಾನ ಒಂದೇ ರಾತ್ರಿ ಹೋದರೂ, ಉಳಿದ ಹೊತ್ತು ನಿಶ್ಶಬ್ದವಾಗಿದ್ದರೆ, ಸರಾಸರಿ 65ರ ಒಳಗೇ ಬರುತ್ತದೆ. ಅಂದರೆ ರಾತ್ರಿಗೆ ಮೂವತ್ತು ಸಲ ಮಗು ಬೆಚ್ಚಿ ಎದ್ದರೂ ಕಾನೂನಿನ ಪ್ರಕಾರ ಏನೂ ಆಗಿಲ್ಲ! ನಿದ್ದೆ ಕೆಡಿಸುವುದು ಸರಾಸರಿಯಲ್ಲ, ಒಂದೊಂದು ವಿಮಾನ. ಹಾಗಾಗಿ ಕಾನೂನಿನಲ್ಲಿ ಸರಾಸರಿಯ ಜೊತೆಗೆ, ಇಷ್ಟು ಡೆಸಿಬೆಲ್ ದಾಟುವ ವಿಮಾನ ರಾತ್ರಿಗೆ ಇಷ್ಟೇ ಎನ್ನುವ ಎಣಿಕೆಯೂ ಇರಬೇಕು.

ಪರಿಸರ ಸಚಿವಾಲಯದ ಆ 2018ರ ಪಟ್ಟಿಯಲ್ಲಿ ಇನ್ನೊಂದು ಮಾತಿದೆ. ಕನಕಪುರ, ನೆಲಮಂಗಲದವರು ಗಮನಿಸಬೇಕು. ‘ಪ್ರಸ್ತಾವಿತ ನಿಲ್ದಾಣಗಳನ್ನು ಬಿಟ್ಟು’ ಎಂದು ಅದರಲ್ಲೇ ಬರೆದಿದ್ದಾರೆ. ಹೊಸದಾಗಿ ಕಟ್ಟುವ ನಿಲ್ದಾಣಕ್ಕೆ ತಾನೆ ಎಲ್ಲಕ್ಕಿಂತ ಬಿಗಿಯಾದ ಮಿತಿ ಹಾಕಲು ಸುಲಭ? ಅದನ್ನೇ ಪಟ್ಟಿಯಿಂದ ಹೊರಗಿಟ್ಟಿದ್ದಾರೆ.

ಜರ್ಮನಿಯಲ್ಲಿ ಇದು ಉಲ್ಟಾ. ಅಲ್ಲಿ ವಿಮಾನದ ಸದ್ದಿಗೆಂದೇ 1971ರಲ್ಲಿ ಒಂದು ಕಾಯಿದೆ ಬಂತು, 2007ರಲ್ಲಿ ಅದನ್ನು ಗಟ್ಟಿ ಮಾಡಿದರು. ಹೊಸ ನಿಲ್ದಾಣಕ್ಕೆ, ಹೊಸ ರನ್‌ವೇಗೆ ಹಳೆಯದಕ್ಕಿಂತ ಬಿಗಿ ಮಿತಿ. ನಿಲ್ದಾಣದ ಸುತ್ತ ಹಗಲಿಗೆ ಎರಡು, ರಾತ್ರಿಗೆ ಒಂದು ಅಂತ ವಲಯ ಗುರುತು ಮಾಡುತ್ತಾರೆ. ಆ ವಲಯದೊಳಗೆ ಹೊಸ ಆಸ್ಪತ್ರೆ, ಶಾಲೆ, ವೃದ್ಧಾಶ್ರಮ ಕಟ್ಟುವಂತಿಲ್ಲ, ತೀರಾ ಹತ್ತಿರದ ವಲಯದಲ್ಲಿ ಮನೆಗೂ ನಿರ್ಬಂಧ. ಮೊದಲೇ ಇದ್ದ ಮನೆಗಳಿಗೆ ಸದ್ದು ತಡೆಯುವ ಕಿಟಕಿ, ಮಲಗುವ ಕೋಣೆಗೆ ಗಾಳಿಯಾಡುವ ವ್ಯವಸ್ಥೆ, ಇದರ ಖರ್ಚು ನಿಲ್ದಾಣದವರದು. ನನಗೆ ಮುಖ್ಯ ಅನಿಸಿದ್ದು ಬೇರೆ. ಈ ವಲಯಗಳನ್ನು ಹುಕುಂ ಹೊರಡಿಸಿ ಗುರುತು ಮಾಡುವುದು ಅಲ್ಲಿಯ ರಾಜ್ಯ ಸರ್ಕಾರಗಳು. ಕೇಂದ್ರ ಅಲ್ಲ.

ನಮ್ಮಲ್ಲೂ ಅದು ಸಾಧ್ಯ. ವಿಮಾನ, ವಿಮಾನಯಾನ ಕೇಂದ್ರದ ಪಟ್ಟಿಯಲ್ಲಿದೆ, ನಿಜ. ಆದರೆ ಜಮೀನು ರಾಜ್ಯದ ಪಟ್ಟಿಯಲ್ಲಿದೆ, ಸಾರ್ವಜನಿಕ ಆರೋಗ್ಯವೂ ರಾಜ್ಯದ್ದೇ. ಆಕಾಶ ದೆಹಲಿಯದು, ನೆಲ ನಮ್ಮದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೆ, ದೇವನಹಳ್ಳಿ ಸುತ್ತ ಯೋಜನೆ ಮಾಡಲೆಂದೇ ಒಂದು ಪ್ರಾಧಿಕಾರ ಇದೆ, ಕೃಷಿ ಜಮೀನನ್ನು ವಸತಿಗೆ ಪರಿವರ್ತನೆ ಮಾಡಿಕೊಡುವುದೂ ರಾಜ್ಯದ ಅಧಿಕಾರಿಗಳೇ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಸದ್ದು ಕೇಂದ್ರದ ವಿಷಯ ಅಂತ ಕೈತೊಳೆದುಕೊಂಡರೆ ಹೇಗೆ?

ಒಂದು ವಿಷಯ ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಲ್ದಾಣದ ಹತ್ತಿರ ಎತ್ತರದ ಕಟ್ಟಡ ಕಟ್ಟಬೇಕೆಂದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಬಣ್ಣ ಬಣ್ಣದ ನಕ್ಷೆ ಇದೆ. ಯಾವ ಜಾಗದಲ್ಲಿ ಎಷ್ಟು ಎತ್ತರ ಎಂದು ಅದರಲ್ಲಿ ಗೊತ್ತಾಗುತ್ತದೆ, ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಇಲ್ಲದೆ ಕಟ್ಟುವಂತಿಲ್ಲ. ಒಳ್ಳೆಯದೇ. ನಮ್ಮ ಕಟ್ಟಡದಿಂದ ವಿಮಾನಕ್ಕೆ ತೊಂದರೆ ಆಗಬಾರದು ಎಂಬುದಕ್ಕೆ ನಕ್ಷೆ ಇದೆ, ಕಾನೂನಿದೆ, ಶಿಕ್ಷೆ ಇದೆ. ವಿಮಾನದಿಂದ ನಮಗಾಗುವ ತೊಂದರೆಯ ನಕ್ಷೆ ಸೈಟು ಕೊಳ್ಳುವವನ ಕೈಗೆ ಬರುವುದಿಲ್ಲ. ನಾನು ಮನೆ ತೆಗೆದುಕೊಳ್ಳುವಾಗ ಮಾರಿದವರ ಕರಪತ್ರದಲ್ಲಿ ‘ಏರ್‌ಪೋರ್ಟಿಗೆ ಹತ್ತೇ ನಿಮಿಷ’ ಅಂತ ದಪ್ಪ ಅಕ್ಷರದಲ್ಲಿತ್ತು. ತೋರಿಸಲು ಕರೆದುಕೊಂಡು ಹೋದದ್ದು ಮಧ್ಯಾಹ್ನದ ಹೊತ್ತು, ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದ್ದ ದಿನ. (ಗಾಳಿ ತಿರುಗಿದರೆ ಇಳಿಯುವ ದಿಕ್ಕೂ ತಿರುಗುತ್ತದೆ. ವಿಮಾನಗಳು ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ಒಂದು ತಿಂಗಳು ಹಾಯಾಗಿದ್ದ ಊರಿಗೆ ಮುಂದಿನ ತಿಂಗಳು ಗ್ರಹಚಾರ.)

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವವರು, ಈ ಮನೆ ವಿಮಾನ ನಿಲ್ದಾಣದ ಪ್ರಭಾವದ ವಲಯದಲ್ಲಿದೆ, ಸದ್ದು, ಕಂಪನ, ವಾಸನೆ ಇರಬಹುದು ಎಂದು ಲಿಖಿತವಾಗಿ ತಿಳಿಸಬೇಕು, ಕಾನೂನೇ ಇದೆ. ಅಲ್ಲಿ ಮನೆ ಕೊಂಡ ನಮ್ಮ ಕನ್ನಡದವರೇ ಎಷ್ಟೋ ಜನ ಅಂಥ ಕಾಗದ ನೋಡಿರುತ್ತಾರೆ. ನಮ್ಮಲ್ಲಿ ಇದನ್ನು ಮಾಡಲು ಹೊಸ ಕಚೇರಿಯೂ ಬೇಡ. ಪಹಣಿ ಇದೆ, ಇ–ಖಾತಾ ಇದೆ, ರಿಯಲ್ ಎಸ್ಟೇಟಿನವರ ಮೇಲೆ ಕಣ್ಣಿಡುವ ರೇರಾ ಇದೆ. ಸರ್ವೆ ನಂಬರ್ ಹಾಕಿದರೆ ಆ ಜಮೀನು ಸದ್ದಿನ ಯಾವ ವಲಯದಲ್ಲಿದೆ ಎಂದು ಪಹಣಿಯಲ್ಲೇ ಕಾಣಬೇಕು. ರೇರಾದಲ್ಲಿ ನೋಂದಣಿ ಮಾಡಿಸುವ ಬಡಾವಣೆ, ಅಪಾರ್ಟ್‌ಮೆಂಟಿನವರು ಅದನ್ನು ಜಾಹೀರಾತಿನಲ್ಲೇ ಹಾಕಬೇಕು. ಕ್ರಯಪತ್ರದಲ್ಲಿ ಒಂದು ಸಾಲು ಬರಬೇಕು, ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬಾರದು. ನಕ್ಷೆ ಕನ್ನಡದಲ್ಲಿರಬೇಕು, ಪಂಚಾಯಿತಿ ಗೋಡೆ ಮೇಲೆ ಇರಬೇಕು. ಇಷ್ಟು ಮಾಡಿದರೆ, ‘ನಿಲ್ದಾಣ ಇದೆ ಅಂತ ಗೊತ್ತಿದ್ದೂ ಯಾಕೆ ಹೋದ್ರಿ?’ ಅಂತ ನಮ್ಮನ್ನು ಕೇಳುವ ಅರ್ಹತೆ ಬರುತ್ತದೆ. ಈಗ ಆ ಪ್ರಶ್ನೆ ಕೇಳುವವರಿಗೆ ನನ್ನ ಉತ್ತರ ಒಂದೇ: ಇಲ್ಲಿಯ ಹಳ್ಳಿಗಳು 2008ಕ್ಕಿಂತ ಮುಂಚೆಯೂ ಇದ್ದವು, ಮತ್ತು ಎರಡನೇ ರನ್‌ವೇ ಬಂದದ್ದು ಹನ್ನೊಂದು ವರ್ಷ ಬಿಟ್ಟು.

ಇದರಲ್ಲಿ ಒಂದು ಕಷ್ಟ ಇದೆ, ಅದನ್ನು ಮುಚ್ಚಿಡಬಾರದು. ಹತ್ತಿರದ ವಲಯದಲ್ಲಿ ವಸತಿಗೆ ಪರಿವರ್ತನೆ ಇಲ್ಲ ಅಂದ ತಕ್ಷಣ ಅಲ್ಲಿಯ ರೈತನ ಜಮೀನಿನ ಬೆಲೆ ಬೀಳುತ್ತದೆ. ಪಕ್ಕದವನು ನಿಲ್ದಾಣಕ್ಕೆ ಜಮೀನು ಕೊಟ್ಟು ಪರಿಹಾರ ತೆಗೆದುಕೊಂಡ, ಇನ್ನೊಬ್ಬ ಎರಡು ಮೈಲಿ ಆಚೆ ಲೇಔಟ್ ಮಾಡಿ ದುಡ್ಡು ಮಾಡಿದ, ಇವನಿಗೆ ಮಾತ್ರ ಸದ್ದು. ಇದು ಅನ್ಯಾಯ ಅಲ್ವಾ? ಹಾಗಾಗಿ ಕಾನೂನಿನಲ್ಲೇ ಇದಕ್ಕೆ ದಾರಿ ಇರಬೇಕು. ಮನೆ ಬೇಡ ಅಂದ ಜಾಗದಲ್ಲಿ ಗೋದಾಮು, ಶೀತಲ ಘಟಕ, ವರ್ಕ್‌ಶಾಪ್, ಪಾರ್ಕಿಂಗ್, ಕಾರ್ಖಾನೆಗೆ ತಕ್ಷಣ ಪರವಾನಗಿ ಕೊಡಬಹುದು, ನಿಲ್ದಾಣದ ಸುತ್ತ ಇವು ಬೇಕೇ ಬೇಕು. ಅದೂ ಬೇಡ, ಬೇಸಾಯವೇ ಮಾಡುತ್ತೇನೆ ಅನ್ನುವವನಿಗೆ ನಷ್ಟದ ಹಣ ಕೊಡಬೇಕು. ಇದನ್ನು ಬಿಟ್ಟು ಸುಮ್ನೆ ‘ನಿಷೇಧಿತ ವಲಯ’ ಅಂತ ಗೆರೆ ಎಳೆದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕಂದಾಯ ಬಡಾವಣೆಗಳು ಏಳುತ್ತವೆ, ಹತ್ತು ವರ್ಷಕ್ಕೆ ಸಕ್ರಮ ಆಗುತ್ತವೆ.

ಹಣ ಎಲ್ಲಿಂದ? ಸಿಡ್ನಿಯನ್ನು ನೋಡಿ. 1994ರಲ್ಲಿ ಅಲ್ಲಿ ಮೂರನೇ ರನ್‌ವೇ ಬಂದಾಗ ಜನ ಬೀದಿಗಿಳಿದರು. ಮರುವರ್ಷವೇ ಸಂಸತ್ತಿನಲ್ಲಿ ಕಾಯಿದೆ ಆಯಿತು, ರಾತ್ರಿ 11ರಿಂದ ಬೆಳಗಿನ 6ರವರೆಗೆ ವಿಮಾನಗಳಿಗೆ ಕರ್ಫ್ಯೂ. 1997ರಲ್ಲಿ ಇನ್ನೊಂದು ಕಾಯಿದೆ, ಗಂಟೆಗೆ 80ಕ್ಕಿಂತ ಜಾಸ್ತಿ ವಿಮಾನ ಏರಿಳಿಯುವಂತಿಲ್ಲ. ಜೊತೆಗೆ ಸದ್ದಿನ ಸುಂಕ ಹಾಕಿ, ಆ ಹಣದಿಂದ ಸಾವಿರಾರು ಮನೆ, ಶಾಲೆಗಳಿಗೆ ಸದ್ದು ತಡೆಯುವ ಕೆಲಸ ಮಾಡಿಸಿದರು. ನಮ್ಮಲ್ಲಿ ಟಿಕೆಟಿನಲ್ಲೇ ಬಳಕೆದಾರರ ಅಭಿವೃದ್ಧಿ ಶುಲ್ಕ ಅಂತ ನೂರಾರು ರೂಪಾಯಿ ಹೋಗುತ್ತದೆ, ಯಾರೂ ಕೇಳುವುದಿಲ್ಲ. ಅದರ ಜೊತೆ ಒಬ್ಬರಿಗೆ ಹತ್ತೇ ರೂಪಾಯಿ ಸೇರಿಸಿದರೂ ನಾಲ್ಕು ಕೋಟಿ ಜನಕ್ಕೆ ವರ್ಷಕ್ಕೆ ನಲವತ್ತು ಕೋಟಿ ರೂಪಾಯಿ ಆಯಿತು. ನಿಲ್ದಾಣದ ಒಂದು ಟೀ ಬೆಲೆಯಲ್ಲಿ ಇದು ಎಷ್ಟನೇ ಒಂದು ಪಾಲೋ, ಪ್ರಯಾಣಿಕರೇ ಲೆಕ್ಕ ಹಾಕಲಿ.

ಆದರೆ ಆ ಹಣವನ್ನು ಎಲ್ಲರ ಮನೆಗೂ ಗಾಜು ಹಾಕಿಸಲು ಸುರಿದರೆ ವ್ಯರ್ಥ. ಜರ್ಮನಿಯ ಚಳಿಗೆ ಕಿಟಕಿ ಮುಚ್ಚಿಕೊಂಡು ಮಲಗುತ್ತಾರೆ. ನಮ್ಮವರು ಕಿಟಕಿ ತೆಗೆದು ಮಲಗುವವರು, ಎಷ್ಟೋ ಮನೆಗಳಿಗೆ ಮೇಲಿರುವುದು ಸಿಮೆಂಟ್ ಶೀಟು, ಎರಡು ಪದರದ ಗಾಜು ಹಾಕಿ ಏನು ಮಾಡುವುದು? ಮೊದಲು ಶಾಲೆಗಳಿಗೆ ಖರ್ಚಾಗಲಿ. ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ನಿಲ್ದಾಣ ಮುಚ್ಚಿ ಬೇರೆ ಕಡೆ ಹೊಸದು ಶುರುವಾದಾಗ ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿ ನೋಡಿದ್ದರು. ಹಳೆಯದರ ಹತ್ತಿರದ ಮಕ್ಕಳ ಓದು, ಜ್ಞಾಪಕಶಕ್ತಿ ಸುಧಾರಿಸಿತು, ಹೊಸದರ ಹತ್ತಿರದ ಮಕ್ಕಳದು ಹಿಂದೆ ಬಿತ್ತು. ಇಲ್ಲೂ ಅಂಥದ್ದೇ ಆಯಿತಲ್ಲ, 2008ರಲ್ಲಿ ಎಚ್‌ಎಎಲ್‌ನ ಹಳೆಯ ನಿಲ್ದಾಣದಿಂದ ದೇವನಹಳ್ಳಿಗೆ. ಮುರುಗೇಶಪಾಳ್ಯ, ಕೋಡಿಹಳ್ಳಿ, ದೊಮ್ಮಲೂರಿನವರನ್ನು ಕೇಳಿ, ಆ ವರ್ಷ ಏನು ಬದಲಾಯಿತು ಅಂತ ಹೇಳುತ್ತಾರೆ. ಈಗ ಎಚ್‌ಎಎಲ್ ಅನ್ನು ಮತ್ತೆ ತೆರೆಯಬೇಕು ಅನ್ನುವವರೂ ಮೊದಲು ಅವರನ್ನೇ ಕೇಳುವುದು ಒಳ್ಳೆಯದು.

ದೆಹಲಿಯವರು ಮಾಡಬೇಕಾದ ಕೆಲಸವೂ ಉಂಟು. 1934ರ ವಿಮಾನ ಕಾಯಿದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಹೊಸ ಕಾಯಿದೆಯ ಕೆಳಗೆ ರಾತ್ರಿ ವಿಮಾನಗಳಿಗೆ ಕೋಟಾ ನಿಯಮ ತರಲಿ. ಲಂಡನ್ನಿನ ಹೀಥ್ರೂನಲ್ಲಿ 1993ರಿಂದ ಇದು ನಡೆಯುತ್ತಿದೆ. ಒಂದೊಂದು ಬಗೆಯ ವಿಮಾನಕ್ಕೂ ಅದರ ಸದ್ದಿಗೆ ತಕ್ಕಂತೆ ಅಂಕ. ಒಂದು ಹಂಗಾಮಿಗೆ ರಾತ್ರಿಯ ಒಟ್ಟು ಅಂಕ ಇಷ್ಟೇ, ಒಟ್ಟು ವಿಮಾನವೂ ಇಷ್ಟೇ. ಗದ್ದಲದ ಹಳೆಯ ವಿಮಾನ ತಂದರೆ ಅಂಕ ಬೇಗ ಮುಗಿಯುತ್ತದೆ, ಹಾಗಾಗಿ ಕಂಪನಿಗಳೇ ಮೆತ್ತಗಿನ ಸದ್ದಿನ ವಿಮಾನ ರಾತ್ರಿಗೆ ಹಾಕುತ್ತವೆ. ಪೂರ್ತಿ ನಿಷೇಧಕ್ಕಿಂತ ನಮಗೆ ಇದೇ ಸರಿ. ಗುಲಾಬಿಯೂ ಹೋಗಲಿ, ನಿದ್ದೆಯೂ ಉಳಿಯಲಿ. ಹೀಥ್ರೂನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಇಳಿಯುವ ರನ್‌ವೇ ಬದಲಾಯಿಸುತ್ತಾರೆ, ಒಂದು ಕಡೆಯವರಿಗೆ ಅರ್ಧ ದಿನವಾದರೂ ಬಿಡುವು. ಎರಡು ರನ್‌ವೇ ಇರುವ ಕಡೆ ರಾತ್ರಿ ಹೊತ್ತು ಸರದಿ ಹಾಕುವುದು ಅಸಾಧ್ಯವೇನಲ್ಲ.

ಫ್ರಾಂಕ್‌ಫರ್ಟ್‌ನಲ್ಲಂತೂ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ವಿಮಾನವೇ ಇಲ್ಲ. ವಿವಾದ ಮೇಲಿನ ಕೋರ್ಟಿಗೆ ಹೋದರೂ 2012ರಲ್ಲಿ ಲೈಪ್‌ಜಿಗ್‌ನ ಮೇಲಿನ ನ್ಯಾಯಾಲಯ ನಿಷೇಧವನ್ನೇ ಎತ್ತಿ ಹಿಡಿಯಿತು. ಇದಕ್ಕೂ ನಮಗೂ ಸಂಬಂಧ ಇದೆ. ಯುರೋಪಿಗೆ ಹೋಗುವ ವಿಮಾನಗಳು ಇಲ್ಲಿಂದ ರಾತ್ರಿ ಒಂದು, ಎರಡು, ಮೂರಕ್ಕೆ ಹೊರಡುವುದು ಯಾಕೆ? ಅಲ್ಲಿ ಬೆಳಿಗ್ಗೆ ಇಳಿದು ಮುಂದಿನ ವಿಮಾನ ಹಿಡಿಯಲಿ ಅಂತ, ಮತ್ತು ಅಲ್ಲಿ ರಾತ್ರಿ ಬಾಗಿಲು ಮುಚ್ಚಿರುತ್ತೆ ಅಂತಲೂ. ಅವರ ನಿದ್ದೆಗೆ ಕಾನೂನು ಇದೆ, ನಮ್ಮ ನಿದ್ದೆಯನ್ನು ಅವರ ವೇಳಾಪಟ್ಟಿ ನೋಡಿಕೊಳ್ಳುತ್ತಿದೆ!

ಕಾನೂನು ಬಂದ ಮಾತ್ರಕ್ಕೆ ಎಲ್ಲ ಸರಿ ಹೋಗುವುದಿಲ್ಲ ಅನ್ನುವುದಕ್ಕೆ ಅಮೆರಿಕ ಸಾಕ್ಷಿ. 1990ರ ಕಾಯಿದೆಯಿಂದ ತುಂಬಾ ಗದ್ದಲದ ದೊಡ್ಡ ಜೆಟ್‌ಗಳು 1999ರ ಕೊನೆಯ ಹೊತ್ತಿಗೆ ಅಲ್ಲಿಂದ ಮಾಯವಾದವು, ಒಳ್ಳೆಯದಾಯಿತು. ಅದೇ ಕಾಯಿದೆ ಊರಿನವರು ತಾವೇ ಹೊಸದಾಗಿ ರಾತ್ರಿ ಕರ್ಫ್ಯೂ ಹಾಕಿಕೊಳ್ಳುವುದನ್ನು ಬಹಳ ಕಷ್ಟ ಮಾಡಿಬಿಟ್ಟಿತು. ಇಲ್ಲಿ ಕರಡು ಬರೆಯುವಾಗ ಪಂಚಾಯಿತಿ, ನಗರಸಭೆಗಳ ಬಾಯಿ ಕಟ್ಟುವ ಕಲಂ ಸೇರದಂತೆ ನೋಡಿಕೊಳ್ಳಬೇಕು.

ಇನ್ನು ದೂರಿನ ಕಥೆ. ನಾನೂ ಅರ್ಜಿ ಬರೆದವನೇ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸಿತು, ಆ ಇನ್ನೊಂದು ಮೊದಲನೆಯದರ ಕಡೆಗೇ. ಕಾನೂನಿನಲ್ಲಿ ದೂರು ತೆಗೆದುಕೊಳ್ಳುವ ಒಬ್ಬ ಅಧಿಕಾರಿಯ ಹುದ್ದೆ ಸ್ಪಷ್ಟವಾಗಿ ಇರಬೇಕು. ಹಳ್ಳಿಗಳಲ್ಲಿ ಅಳೆಯುವ ಯಂತ್ರ ಇರಬೇಕು, ಅದರ ಅಂಕಿ ಅಂದಂದೇ ಜನಕ್ಕೆ ಕಾಣಬೇಕು. ಇಲ್ಲದಿದ್ದರೆ ದೆಹಲಿಯ ಹಾಗೆ ಆಗುತ್ತದೆ. ಅಲ್ಲಿ 2008ರಲ್ಲಿ ಮೂರನೇ ರನ್‌ವೇ ಬಂದ ಮೇಲೆ ವಸಂತ್ ಕುಂಜ್ ಕಡೆಯವರು ಹಸಿರು ನ್ಯಾಯಮಂಡಳಿಗೆ ಹೋಗಿ ವರ್ಷಗಟ್ಟಲೆ ಅಲೆದರು. ಲಾಯರಿಗೆ ದುಡ್ಡು ಕೊಡುವ ಶಕ್ತಿ ಅವರಿಗಿತ್ತು. ಕನಕಪುರ ರಸ್ತೆಯ ಸೋಮನಹಳ್ಳಿಯ ರೈತ ಎಲ್ಲಿಗೆ ಹೋಗಬೇಕು?

ರಾಜ್ಯದ ಕಾಯಿದೆ ಬಂದರೆ ಬೆಂಗಳೂರಿಗೆ ಮಾತ್ರ ಅಲ್ಲ. 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ಇದೆ, ಕಲಬುರಗಿ ಇದೆ, ಮೈಸೂರಿನ ಮಂಡಕಳ್ಳಿ ಇದೆ. ಅಲ್ಲೆಲ್ಲ ವಿಮಾನ ಇನ್ನೂ ಕಡಿಮೆ, ಈಗ ಗೆರೆ ಹಾಕಿದರೆ ಖರ್ಚೂ ಕಡಿಮೆ, ಜಗಳವೂ ಕಡಿಮೆ.

ಕೊನೆಯದಾಗಿ ಒಂದು ಕೋರಿಕೆ, ನಿಮಗೂ ಕನಕಪುರ–ನೆಲಮಂಗಲದ ಓದುಗರಿಗೂ. ಹೊಸ ವಿಮಾನ ನಿಲ್ದಾಣಕ್ಕೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಆಗಲೇಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಲ್ಲಿರುತ್ತಾರೆ, ಮೂವತ್ತು ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಹೋಗುವವರು ಪರಿಹಾರದ ಪ್ರಶ್ನೆ ಕೇಳಿ, ಅದರ ಜೊತೆಗೆ ರನ್‌ವೇ ದಿಕ್ಕು ಯಾವುದು, ಎರಡನೇ ರನ್‌ವೇ ಬಂದ ಮೇಲೆ ಸದ್ದಿನ ವಲಯ ಎಲ್ಲಿಯವರೆಗೆ ಬರುತ್ತದೆ, ನನ್ನ ಸರ್ವೆ ನಂಬರ್ ಅದರಲ್ಲಿದೆಯಾ ಎಂದೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಸಂಪಾದಕರೇ, ಆ ಪ್ರಕಟಣೆ ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ ಟೆಂಡರುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಈ ಸಲ ಅದು ಬಂದ ದಿನ ದಯವಿಟ್ಟು ಮೊದಲ ಪುಟದಲ್ಲಿ ಸುದ್ದಿಯಾಗಿಯೂ ಹಾಕಿ.

ಇಂತಿ,
ದೇವನಹಳ್ಳಿ ತಾಲ್ಲೂಕಿನ ಒಬ್ಬ ಓದುಗ